ಮೈದಾನದಿಂದ ಮಹಾವಿದ್ಯಾಲಯಕ್ಕೆ: ಹಾಕಿ ಆಡುವ ಮಕ್ಕಳೂ ಮನೆಯವರ ಹೊಣೆಯೂ

ಪಿ.ಯು.ಸಿ. ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ನಮ್ಮ ಮನೆಗಳಲ್ಲೆಲ್ಲ ಒಂದೇ ಮಾತು. ಮಗ ಮುಂದೆ ಏನು ಓದಬೇಕು, ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು, ವಸತಿಗೆ ಏನು ಮಾಡಬೇಕು ಎಂಬ ಚಿಂತೆಯಲ್ಲಿಯೇ ಹಿರಿಯರ ಹಗಲು ಕಳೆಯುತ್ತದೆ. ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲಿನಂತಹ ಊರುಗಳಲ್ಲಿ ಈ ಚಿಂತೆಗೆ ಇನ್ನೊಂದು ಮುಖವೂ ಇದೆ. ಒಂದು ಕಡೆ ರಾಗಿಯ ಹೊಲ, ಇನ್ನೊಂದು ಕಡೆ ದಾಬಸ್‌ಪೇಟೆಯ ಕಾರ್ಖಾನೆಗಳ ಪಾಳಿ ಕೆಲಸ, ಮತ್ತೊಂದು ಕಡೆ ಬೆಂಗಳೂರಿನ ಕಾಲೇಜು. ಹದಿನೇಳು ಹದಿನೆಂಟರ ಮಕ್ಕಳು ಈ ಮೂರರ ನಡುವೆ ನಿಂತು ಮನೆಯವರ ಮುಖ ನೋಡುತ್ತಾರೆ.

ಅಂಕಗಳ ಬಲದಿಂದ ಕಾಲೇಜಿಗೆ ಹೋಗುವ ದಾರಿ ನಮಗೆಲ್ಲ ಪರಿಚಿತವೇ. ಆಟದ ಬಲದಿಂದಲೂ ಹೋಗುವ ದಾರಿಯೊಂದಿದೆ ಎಂಬುದು ಅನೇಕ ಕುಟುಂಬಗಳಿಗೆ ಇನ್ನೂ ಹೊಸ ಸಂಗತಿ. ಕಾಲೇಜುಗಳು ತಮ್ಮ ತಂಡಕ್ಕಾಗಿ ಕಿರಿಯ ಆಟಗಾರರನ್ನು ಹುಡುಕಿ, ಆರಿಸಿ, ಪ್ರವೇಶ ನೀಡುತ್ತವೆ. ಹಾಕಿಯಲ್ಲಿ ಈ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಅಂತಹ ಮಕ್ಕಳು ಶಾಲೆಯ ಮೈದಾನದಿಂದ ಕಾಲೇಜಿನ ತಂಡದವರೆಗೆ ನಡೆಯುವ ಹಾದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂಬಾಲಿಸಿ, ಎಲ್ಲೆಲ್ಲಿ ಮನೆಯವರು ಕೈ ಹಿಡಿಯಬೇಕಾಗುತ್ತದೆ ಎಂಬುದನ್ನು ಓದುಗ ಬಂಧುಗಳ ಮುಂದಿಡಲು ನಾವು ಇಲ್ಲಿ ಯತ್ನಿಸಿದ್ದೇವೆ.

ಮೊದಲ ಮೆಟ್ಟಿಲು

ಈ ಹಾದಿ ಸಾಮಾನ್ಯವಾಗಿ ಆರಂಭವಾಗುವುದು ದೈಹಿಕ ಶಿಕ್ಷಣ ಶಿಕ್ಷಕರೊಬ್ಬರ ಕಣ್ಣಿನಲ್ಲಿ. ಚುರುಕಾಗಿ ಓಡುವ, ಹೇಳಿದ್ದನ್ನು ಬೇಗ ಗ್ರಹಿಸುವ ಮಗುವನ್ನು ಅವರು ಗುರುತಿಸುತ್ತಾರೆ. ಶಾಲೆಯಿಂದ ತಾಲ್ಲೂಕು ಮಟ್ಟ, ಅಲ್ಲಿಂದ ಜಿಲ್ಲೆ, ಅಲ್ಲಿಂದ ವಿಭಾಗ, ಬಳಿಕ ರಾಜ್ಯ ಎಂಬ ಕ್ರಮದಲ್ಲಿ ಶಾಲಾ ಕ್ರೀಡಾಕೂಟಗಳು ನಡೆಯುತ್ತವೆ. ರಾಜ್ಯ ಸರ್ಕಾರದ ಕ್ರೀಡಾ ಇಲಾಖೆಯು ಕ್ರೀಡಾ ಶಾಲೆಗಳನ್ನೂ ಕ್ರೀಡಾ ವಸತಿ ನಿಲಯಗಳನ್ನೂ ನಡೆಸುತ್ತಿದೆ. ಮಕ್ಕಳ ಎತ್ತರ, ತೂಕ, ಓಟ, ಜಿಗಿತ ಇವುಗಳನ್ನು ಅಳೆದು, ಆಟದ ಕೌಶಲವನ್ನು ಪರೀಕ್ಷಿಸಿ ಅವುಗಳಿಗೆ ಆಯ್ಕೆ ಮಾಡಲಾಗುತ್ತದೆ. ಹಾಕಿಯ ಮಟ್ಟಿಗೆ ಕೊಡಗು ಜಿಲ್ಲೆಯ ಕೂಡಿಗೆ ಮತ್ತು ಪೊನ್ನಂಪೇಟೆಗಳ ಹೆಸರು ನಾಡಿನಾದ್ಯಂತ ಕೇಳಿಬರುತ್ತದೆ.

ಹತ್ತು ಹನ್ನೆರಡು ವರ್ಷದ ಕೂಸನ್ನು ಮನೆಯಿಂದ ದೂರ ಕಳುಹಿಸುವುದು ತಾಯಂದಿರಿಗೆ ಸುಲಭದ ಮಾತಲ್ಲ. ಆದ್ದರಿಂದ ಅನೇಕ ಮಕ್ಕಳು ಊರಿನಲ್ಲಿಯೇ ಉಳಿದು, ಶಾಲೆಯ ಮೈದಾನದಲ್ಲಿಯೇ ಕಲಿತು, ಪಿ.ಯು.ಸಿ. ಹೊತ್ತಿಗೆ ಆಯ್ಕೆಗಾರರ ಕಣ್ಣಿಗೆ ಬೀಳುತ್ತಾರೆ. ಎರಡೂ ದಾರಿಗಳು ಕಡೆಗೆ ಒಂದೇ ಬಾಗಿಲಿಗೆ ಬಂದು ಸೇರುತ್ತವೆ.

ಕೊಡಗು ಕಲಿಸುವ ಪಾಠ

ಕರ್ನಾಟಕದ ಹಾಕಿ ಎಂದೊಡನೆ ಕೊಡಗು ನೆನಪಾಗುವುದು ಸಹಜ. ಎಂ.ಪಿ. ಗಣೇಶ್ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1973ರ ವಿಶ್ವಕಪ್ಪಿನಲ್ಲಿ ಭಾರತವನ್ನು ಮುನ್ನಡೆಸಿ ಬೆಳ್ಳಿ ತಂದರು. 2020ರಲ್ಲಿ ಪದ್ಮಶ್ರೀ ಪಡೆದರು. ಬಿ.ಪಿ. ಗೋವಿಂದ 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಆಟಗಾರರು. ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಒಲಿಂಪಿಕ್ಸಿನ ಚಿನ್ನದಲ್ಲಿ ಪಾಲು ಪಡೆದು, 1988ರ ಸೋಲ್ ಒಲಿಂಪಿಕ್ಸಿನಲ್ಲಿ ನಾಯಕತ್ವ ವಹಿಸಿದರು. ಬಳಿಕ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಮುಂತಾದವರು ಆ ಪರಂಪರೆಯನ್ನು ಮುಂದುವರಿಸಿದರು.

ಇದರ ಗುಟ್ಟೇನು? ಸೈನ್ಯದ ನಂಟು, ಮೈಕಟ್ಟು ಎಂದೆಲ್ಲ ಹೇಳುವುದುಂಟು. ಆದರೆ ನಮಗೆ ಮುಖ್ಯವಾಗಿ ಕಾಣುವುದು ಮನೆಯ ಒತ್ತಾಸೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಣ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಆ ವರ್ಷ ಆಡಿದವು 60 ಕುಟುಂಬಗಳು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದ ಪಂದ್ಯಾವಳಿಯಲ್ಲಿ 360 ಕುಟುಂಬಗಳೂ, 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬದವರು ನಡೆಸಿದಾಗ 396 ಕುಟುಂಬಗಳೂ ಭಾಗವಹಿಸಿದವು. ಹಿರಿಯರೂ ಕಿರಿಯರೂ, ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ಆಡುವ ಈ ಉತ್ಸವದಲ್ಲಿ ಬೆಳೆದ ಮಗುವಿಗೆ ಹಾಕಿ ಆಡುವುದಕ್ಕೆ ಮನೆಯವರ ಅನುಮತಿ ಬೇಡಬೇಕಾದ ಪ್ರಸಂಗವೇ ಬರುವುದಿಲ್ಲ.

ನಮ್ಮ ಬಯಲುಸೀಮೆಯಲ್ಲಿ ಸ್ಥಿತಿ ಬೇರೆ. ಇಲ್ಲಿ ಸ್ಟಿಕ್ ಹಿಡಿದು ಬೀದಿಯಲ್ಲಿ ನಡೆಯುವ ಹುಡುಗನನ್ನು ಜನ ತಿರುಗಿ ನೋಡುತ್ತಾರೆ. ಪರಿಸರ ಕೊಡದಿರುವ ಬೆಂಬಲವನ್ನು ಇಲ್ಲಿ ಮನೆಯೇ ಕೊಡಬೇಕಾಗುತ್ತದೆ.

ಬೆಂಬಲ ಎಂದರೆ ಹಣವೇ ಆಗಬೇಕಿಲ್ಲ ಎಂಬುದಕ್ಕೆ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರ ಬದುಕೇ ಸಾಕ್ಷಿ. ಅವರ ತಂದೆ ಬಡಗಿ. ನಾಲ್ಕು ವರ್ಷದವರಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಸುನಿಲ್, ಸ್ಟಿಕ್ ಕೊಳ್ಳುವ ಶಕ್ತಿಯಿಲ್ಲದೆ ಬಿದಿರಿನ ಕೋಲಿನಲ್ಲಿ ಆಟ ಕಲಿತರು. 2009ರಲ್ಲಿ ಮಲೇಷ್ಯಾದಲ್ಲಿ ಅಜ್ಲಾನ್ ಷಾ ಪಂದ್ಯಾವಳಿ ಆಡುತ್ತಿದ್ದಾಗ ತಂದೆಯವರು ತೀರಿಕೊಂಡ ಸುದ್ದಿ ಬಂತು. ದುಃಖವನ್ನು ನುಂಗಿಕೊಂಡು ತಂಡದೊಡನೆ ಉಳಿದು ಅವರು ಆಡಿದರು. ಎರಡು ಒಲಿಂಪಿಕ್ಸುಗಳಲ್ಲಿ ದೇಶವನ್ನು ಪ್ರತಿನಿಧಿಸಿ, 2017ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು.

ಇಂದಿನ ಸ್ಥಿತಿಯನ್ನೂ ಮರೆಮಾಚುವಂತಿಲ್ಲ. 2016ರ ರಿಯೊ ಒಲಿಂಪಿಕ್ಸಿನ ಭಾರತ ತಂಡದಲ್ಲಿ ರಘುನಾಥ್, ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ ಹೀಗೆ ನಾಲ್ವರು ಕನ್ನಡ ನಾಡಿನವರಿದ್ದರು. ಭಾರತವು 2021ರಲ್ಲಿ ಟೋಕಿಯೊದಲ್ಲಿ, 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದಾಗ ತಂಡದಲ್ಲಿ ಕರ್ನಾಟಕದ ಒಬ್ಬ ಆಟಗಾರನೂ ಇರಲಿಲ್ಲ. ಶಾಲೆ ಕಾಲೇಜುಗಳ ಮೆಟ್ಟಿಲುಗಳು ಗಟ್ಟಿಯಾಗದೆ ಈ ಕೊರತೆ ನೀಗದು.

ಮಣ್ಣಿನ ಮೈದಾನ, ಕೃತಕ ಹುಲ್ಲುಹಾಸು

ಹಳ್ಳಿಯ ಮಗು ಕಾಲೇಜಿನ ಆಯ್ಕೆ ಶಿಬಿರಕ್ಕೆ ಬಂದಾಗ ಎದುರಾಗುವ ಮೊದಲ ತೊಡಕು ಕಾಲಕೆಳಗಿನ ನೆಲದ್ದು. 1928ರಿಂದ 1956ರವರೆಗೆ ಸತತವಾಗಿ ಆರು ಒಲಿಂಪಿಕ್ ಚಿನ್ನ ಗೆದ್ದ ಭಾರತ, 1976ರಲ್ಲಿ ಮಾಂಟ್ರಿಯಲ್ಲಿನಲ್ಲಿ ಮೊದಲ ಬಾರಿಗೆ ಕೃತಕ ಹುಲ್ಲುಹಾಸಿನ ಮೇಲೆ ಒಲಿಂಪಿಕ್ ಹಾಕಿ ನಡೆದಾಗ ಏಳನೆಯ ಸ್ಥಾನಕ್ಕೆ ಇಳಿಯಿತು. ದೇಶಕ್ಕೇ ಆದ ಅನುಭವ ಇಂದಿಗೂ ಒಬ್ಬೊಬ್ಬ ಹಳ್ಳಿ ಹುಡುಗನಿಗೆ ಆಗುತ್ತಿದೆ.

ಮಣ್ಣಿನಲ್ಲಿ ಚೆಂಡು ಪುಟಿಯುತ್ತದೆ, ದಿಕ್ಕು ಬದಲಿಸುತ್ತದೆ, ಬೇಗ ನಿಲ್ಲುತ್ತದೆ. ಹುಲ್ಲುಹಾಸಿನ ಮೇಲೆ ನೀರು ಚಿಮುಕಿಸಿರುತ್ತಾರೆ; ಚೆಂಡು ನೇರವಾಗಿ, ಬಾಣದಂತೆ ಸಾಗುತ್ತದೆ. ಬಗ್ಗಿ ಆಡಬೇಕು, ಚೆಂಡು ಬರುವ ಮೊದಲೇ ಮುಂದಿನ ನಡೆಯನ್ನು ಯೋಚಿಸಿರಬೇಕು. 91.40 ಮೀಟರ್ ಉದ್ದ, 55 ಮೀಟರ್ ಅಗಲದ ಅಂಕಣದಲ್ಲಿ ಹದಿನೈದು ನಿಮಿಷಗಳ ನಾಲ್ಕು ಅವಧಿಗಳ ಆಟ. ಹಿಂದೆ ಮೂವತ್ತೈದು ನಿಮಿಷಗಳ ಎರಡು ಅವಧಿಗಳಿದ್ದವು. ಒಟ್ಟು ಸಮಯ ಕಡಿಮೆಯಾದರೂ ಆಟದ ವೇಗ ಹೆಚ್ಚಿದೆ.

ಆದ್ದರಿಂದ ಪಿ.ಯು.ಸಿ. ಓದುತ್ತಿರುವಾಗಲೇ ಮಕ್ಕಳು ಆಗಾಗ ಹುಲ್ಲುಹಾಸಿನ ಮೇಲೆ ಆಡುವಂತಾದರೆ ಒಳಿತು. ಬೆಂಗಳೂರಿನ ಅಕ್ಕಿತಿಮ್ಮನಹಳ್ಳಿಯ ಹಾಕಿ ಕ್ರೀಡಾಂಗಣ ಹಾಗೂ ರಾಷ್ಟ್ರೀಯ ತಂಡಗಳ ತರಬೇತಿ ಶಿಬಿರಗಳು ನಡೆಯುವ ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರ, ಇವೆರಡೂ ತ್ಯಾಮಗೊಂಡ್ಲಿನಿಂದ ಬೆಳಗ್ಗೆ ಹೊರಟು ಸಂಜೆ ಹಿಂತಿರುಗಬಹುದಾದ ದೂರದಲ್ಲಿವೆ. ಅಕ್ಕಿತಿಮ್ಮನಹಳ್ಳಿಯಲ್ಲಿ ನಡೆಯುವ ಪಂದ್ಯವೊಂದನ್ನು ಮಗುವಿಗೆ ತೋರಿಸಿ ಬಂದರೂ ಅದು ಒಂದು ಪಾಠವೇ.

ಕಾಲೇಜು ನೋಡುವುದೇನು?

ತಂಡದ ಲೆಕ್ಕವನ್ನು ಪೋಷಕರು ತಿಳಿದಿರಬೇಕು. ಮೈದಾನದಲ್ಲಿ ಆಡುವವರು ಹನ್ನೊಂದು ಮಂದಿ; ಬದಲಿ ಆಟಗಾರರೂ ಸೇರಿದರೆ ಸುಮಾರು ಹದಿನೆಂಟು. ಪದವಿ ಮೂರು ವರ್ಷದ್ದೆಂದರೆ, ಸರಾಸರಿ ವರ್ಷಕ್ಕೆ ಆರು ಸ್ಥಾನಗಳಷ್ಟೇ ತೆರವಾಗುತ್ತವೆ. ಅದರಲ್ಲಿ ಗೋಲು ಕಾಯುವವನ ಸ್ಥಾನ ಕೆಲವು ವರ್ಷ ತೆರವಾಗದೆಯೂ ಇರಬಹುದು. ಒಳ್ಳೆಯ ಆಟಗಾರನೊಬ್ಬ ಆಯ್ಕೆಯಾಗದಿದ್ದರೆ ಅವನಲ್ಲಿ ಕೊರತೆಯಿದೆ ಎಂದೇ ಅರ್ಥವಲ್ಲ. ಅವನು ಆಡುವ ಸ್ಥಾನದಲ್ಲಿ ಆ ವರ್ಷ ಜಾಗವಿರಲಿಲ್ಲ ಎಂದೂ ಇರಬಹುದು. ಒಂದೇ ಕಾಲೇಜನ್ನು ನೆಚ್ಚಿ ಕೂರದೆ ಮೂರು ನಾಲ್ಕು ಕಡೆಯ ಆಯ್ಕೆಗೆ ಹೋಗುವುದು ಜಾಣತನ.

ಆಯ್ಕೆಗಾರರು ಗೋಲುಗಳ ಸಂಖ್ಯೆಯನ್ನಷ್ಟೇ ಎಣಿಸುವುದಿಲ್ಲ. ಚೆಂಡು ಕಳೆದುಕೊಂಡ ಕೂಡಲೇ ಹುಡುಗ ಹಿಂದಕ್ಕೆ ಓಡುತ್ತಾನೆಯೇ, ಜೊತೆಗಾರನಿಗೆ ಚೆಂಡು ಬಿಟ್ಟುಕೊಡುತ್ತಾನೆಯೇ, ತೀರ್ಪುಗಾರರ ನಿರ್ಣಯ ತನಗೆ ವಿರುದ್ಧವಾದಾಗ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನೂ ಗಮನಿಸುತ್ತಾರೆ.

ದಾಖಲೆ ಪತ್ರಗಳ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಯಾವ ಮಟ್ಟದಲ್ಲಿ, ಯಾವ ವರ್ಷ, ಯಾವ ಸಂಸ್ಥೆ ನಡೆಸಿದ ಪಂದ್ಯಾವಳಿಯಲ್ಲಿ ಆಡಿದ್ದು ಎಂಬುದಕ್ಕೆ ಪ್ರಮಾಣಪತ್ರವೇ ಆಧಾರ. ವೃತ್ತಿಶಿಕ್ಷಣದ ಸೀಟುಗಳಲ್ಲಿಯೂ ಕ್ರೀಡಾ ಕೋಟಾ ಇದ್ದು, ಅಲ್ಲಿಯೂ ಈ ಪತ್ರಗಳ ಪರಿಶೀಲನೆ ನಡೆಯುತ್ತದೆ. ಮಾನ್ಯತೆಯಿಲ್ಲದ ಪಂದ್ಯಾವಳಿಯ ಹತ್ತು ಪದಕಗಳಿಗಿಂತ ಮಾನ್ಯತೆಯುಳ್ಳ ಒಂದು ಪತ್ರ ಮೇಲು. ಅವುಗಳನ್ನು ಮನೆಯ ಜಮೀನಿನ ಪತ್ರಗಳಷ್ಟೇ ಜೋಪಾನವಾಗಿ ಇಡತಕ್ಕದ್ದು.

"ಆಡೋಕಾಗದಿದ್ರೆ?"

ಸೀಟು ದೊರೆತ ದಿನ ಇಂತಹ ಮನೆಗಳ ಜಗಲಿಯಲ್ಲಿ ನಡೆಯುವ ಮಾತುಕತೆಯನ್ನು ಊಹಿಸುವುದು ಕಷ್ಟವಲ್ಲ.

"ಏನಪ್ಪಾ, ಕೋಲು ಹಿಡ್ಕೊಂಡು ಚೆಂಡು ಹೊಡೆಯೋದಕ್ಕೂ ಕಾಲೇಜ್ನೋರು ಸೀಟು ಕೊಡ್ತಾರಾ?" ಎನ್ನುತ್ತಾರೆ ಅಜ್ಜಿ.

"ಕೊಡ್ತಾರೆ ಕಣಜ್ಜಿ. ಫೀಸೂ ಬಿಡ್ತಾರೆ, ಹಾಸ್ಟೆಲ್ಲೂ ಕೊಡ್ತಾರೆ. ನಾನು ಚೆನ್ನಾಗಿ ಆಡ್ಬೇಕು ಅಷ್ಟೆ."

"ಸರಿ ಮಗ. ಆಡೋಕಾಗದಿದ್ರೆ?"

ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಬಾಯಿಗೆ ಬರುವುದೇ ಇಲ್ಲ. ಸೀಟು ದೊರೆತ ಸಂತೋಷದಲ್ಲಿ ಅದನ್ನು ಕೇಳುವುದು ಅಪಶಕುನ ಎಂದು ಭಾವಿಸುವವರೂ ಇದ್ದಾರೆ. ಆದರೆ ಕೇಳಲೇಬೇಕಾದ ಪ್ರಶ್ನೆ ಇದೇ.

ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ, ಕಲ್ಲಿನಂತೆ ಗಟ್ಟಿ. ಓಟದ ನಡುವೆ ಥಟ್ಟನೆ ತಿರುಗುವ ಈ ಆಟದಲ್ಲಿ ಮಂಡಿ, ಕಣಕಾಲು, ಸೊಂಟಗಳಿಗೆ ಪೆಟ್ಟು ಬೀಳುವುದು ಅಪರೂಪವಲ್ಲ. ಮೇಲೆ ಹೇಳಿದ ಸುನಿಲ್ ಅವರಂತಹ ಅನುಭವಿಯೇ ಮಂಡಿಯ ಗಾಯದಿಂದಾಗಿ 2018ರ ವಿಶ್ವಕಪ್ಪನ್ನು ಕಳೆದುಕೊಳ್ಳಬೇಕಾಯಿತು. ಅವರ ಹಿಂದೆ ರಾಷ್ಟ್ರೀಯ ತಂಡದ ವೈದ್ಯರಿದ್ದರು. ಕಾಲೇಜಿನ ಮೊದಲ ವರ್ಷದ ಹುಡುಗನ ಹಿಂದೆ ಯಾರಿರುತ್ತಾರೆ?

ಆದ್ದರಿಂದ ಪ್ರವೇಶಕ್ಕೆ ಸಹಿ ಹಾಕುವ ಮೊದಲು ತಂದೆತಾಯಿಗಳು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಭೇಟಿಯಾಗಿ ಕೆಲವು ಸಂಗತಿಗಳನ್ನು ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಿ ತಿಳಿಯಬೇಕು.

ಶುಲ್ಕದ ರಿಯಾಯಿತಿ ಪೂರ್ಣವೋ, ಅರ್ಧವೋ? ಒಂದು ವರ್ಷಕ್ಕೋ, ಪದವಿ ಮುಗಿಯುವವರೆಗೋ? ವಸತಿ, ಊಟ, ಪರೀಕ್ಷಾ ಶುಲ್ಕ ಇದರಲ್ಲಿ ಸೇರಿವೆಯೇ? ಗಾಯವಾದರೆ ಚಿಕಿತ್ಸೆಯ ವೆಚ್ಚ ಯಾರದು? ಗಾಯದಿಂದಾಗಿ ಒಂದು ವರ್ಷ ಆಡಲಾಗದಿದ್ದರೆ ರಿಯಾಯಿತಿ ಉಳಿಯುತ್ತದೆಯೇ? ಪಂದ್ಯಾವಳಿಗೆ ಹೋದ ದಿನಗಳ ಹಾಜರಾತಿ ಹೇಗೆ? ಪಂದ್ಯವೂ ಪರೀಕ್ಷೆಯೂ ಒಂದೇ ದಿನ ಬಂದರೆ ಏನು ಮಾಡುತ್ತಾರೆ?

ಈ ಪ್ರಶ್ನೆಗಳಿಗೆ ದೊರೆತ ಉತ್ತರವನ್ನು ಲಿಖಿತ ರೂಪದಲ್ಲಿ ಪಡೆಯುವುದು ಲೇಸು. ಒಳ್ಳೆಯ ಸಂಸ್ಥೆಗಳು ಇದರಿಂದ ಬೇಸರಪಡುವುದಿಲ್ಲ. "ಎಲ್ಲ ನಾವು ನೋಡಿಕೊಳ್ಳುತ್ತೇವೆ" ಎಂಬ ಬಾಯಿಮಾತು ಹೇಳಿದವರ ಸಜ್ಜನಿಕೆಯನ್ನು ತೋರಿಸಬಹುದು. ಆದರೆ ಅವರು ವರ್ಗವಾಗಿ ಹೋದ ಮೇಲೆ ಮಗುವಿನ ಕೈಯಲ್ಲಿ ಉಳಿಯುವುದು ಕಾಗದವೇ.

ಊಟ, ಪೂಜೆ, ನಿದ್ರೆ

ನಮ್ಮ ಮನೆಗಳ ತಾಯಂದಿರು ಕೇಳುವ ಮತ್ತೊಂದು ಮಾತು ಊಟದ್ದು. ಕ್ರೀಡಾ ವಸತಿ ನಿಲಯಗಳಲ್ಲಿ ಮೊಟ್ಟೆ, ಮಾಂಸ ಬಡಿಸುವುದು ರೂಢಿ. ಸಸ್ಯಾಹಾರದಲ್ಲಿ ಬೆಳೆದ ಮಗು ಆಟದಲ್ಲಿ ಹಿಂದೆ ಬೀಳುತ್ತದೆಯೇ ಎಂಬ ಅಳುಕು ಒಂದು ಕಡೆ. ಅಲ್ಲಿ ಆಚಾರ ತಪ್ಪುತ್ತದೆಯೇ ಎಂಬ ಅಳುಕು ಇನ್ನೊಂದು ಕಡೆ.

ಸರಿಯಾಗಿ ಯೋಜಿಸಿದರೆ ಸಸ್ಯಾಹಾರದಿಂದಲೂ ಆಟಗಾರನ ದೇಹಕ್ಕೆ ಬೇಕಾದುದನ್ನು ಒದಗಿಸಬಹುದು. ಅನ್ನ ಸಾರು ಮಾತ್ರ ಸಾಲದು. ಹಾಲು, ಮೊಸರು, ತೊಗರಿ, ಹೆಸರುಕಾಳು, ಹುರುಳಿ, ಅವರೆ, ಕಡಲೆ, ಶೇಂಗಾ ಇವು ದಿನವೂ ಬೇಕು. ನಮ್ಮ ರಾಗಿಯಲ್ಲಿ ಅಕ್ಕಿ ಗೋಧಿಗಳಿಗಿಂತ ಬಹಳ ಹೆಚ್ಚು ಸುಣ್ಣದಂಶವಿದೆ. ಬೆಳೆಯುವ ಎಲುಬುಗಳಿಗೆ ಅದು ಹಿತಕರ. ಸೊಪ್ಪಿನೊಡನೆ ನಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣದಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಸಸ್ಯಾಹಾರದ ವ್ಯವಸ್ಥೆ ಇದೆಯೇ, ಹಾಲು ಮೊಸರು ಎಷ್ಟು ಕೊಡುತ್ತಾರೆ ಎಂಬುದನ್ನು ಸೇರುವ ಮೊದಲೇ ವಿಚಾರಿಸಬೇಕು. ಕಾಲೇಜಿನ ಸಮೀಪದಲ್ಲಿ ನಮ್ಮ ಸಮಾಜದ ವಿದ್ಯಾರ್ಥಿ ನಿಲಯವಿದ್ದರೆ ಅಲ್ಲಿದ್ದುಕೊಂಡು ಅಭ್ಯಾಸಕ್ಕೆ ಹೋಗಬಹುದು. ಬೆಳಗಿನ ಅಭ್ಯಾಸದ ವೇಳೆಗೆ ನಿಲಯದ ನಿಯಮಗಳು ಹೊಂದುತ್ತವೆಯೇ ಎಂದು ಮೊದಲೇ ಮಾತಾಡಿಕೊಳ್ಳಬೇಕು.

ಇಷ್ಟಲಿಂಗ ಪೂಜೆಯ ವಿಷಯವೂ ಹಾಗೆಯೇ. ಬೆಳಗಿನ ಜಾವವೇ ಮೈದಾನದಲ್ಲಿರಬೇಕಾದ ಮಗು ಇನ್ನೂ ಸ್ವಲ್ಪ ಮೊದಲು ಎದ್ದರೆ ಪೂಜೆಗೆ ಸಮಯ ಸಿಗುತ್ತದೆ. ರಾತ್ರಿ ಬೇಗ ಮಲಗಿದರೆ ಮಾತ್ರ ಇದು ಸಾಧ್ಯ. ಫೋನು ಹಿಡಿದು ನಡುರಾತ್ರಿಯವರೆಗೆ ಎಚ್ಚರವಿರುವ ಮಗುವಿಗೆ ಪೂಜೆಯೂ ತಪ್ಪುತ್ತದೆ, ಅಭ್ಯಾಸವೂ ಕೆಡುತ್ತದೆ, ಪಾಠವೂ ತಲೆಗೆ ಹತ್ತುವುದಿಲ್ಲ.

ಹೆಣ್ಣುಮಕ್ಕಳನ್ನು ಹಿಂದೆ ಬಿಡದಿರೋಣ

ಹಾಕಿ ಎಂದರೆ ಗಂಡುಮಕ್ಕಳ ಆಟ ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಆದರೆ ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ 1960ರ ದಶಕದಲ್ಲಿಯೇ ನಮ್ಮ ರಾಜ್ಯದ ತಂಡದ ನಾಯಕಿಯಾಗಿ ಮತ್ತೆ ಮತ್ತೆ ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. 1965ರ ಅರ್ಜುನ ಪ್ರಶಸ್ತಿಗೆ ಪಾತ್ರರಾದವರು. ಅವರ ಸೋದರಿಯರಾದ ರೀಟಾ ಮತ್ತು ಮೇ ಸಹ ಹೆಸರಾಂತ ಆಟಗಾರ್ತಿಯರು. ಒಂದು ಮನೆಯ ಮೂವರು ಹೆಣ್ಣುಮಕ್ಕಳು!

ಹರಿಯಾಣದ ಕುರುಕ್ಷೇತ್ರ ಜಿಲ್ಲೆಯ ಶಾಹಾಬಾದ್ ಒಂದು ಪುಟ್ಟ ಪಟ್ಟಣ. ಬಲದೇವ್ ಸಿಂಗ್ ಎಂಬ ತರಬೇತುದಾರರ ಕೈಯಲ್ಲಿ ಪಳಗಿ ಆ ಊರಿನಿಂದ ಅನೇಕ ಹುಡುಗಿಯರು ಭಾರತ ತಂಡ ಸೇರಿದರು. ಗಾಡಿ ಎಳೆದು ಸಂಸಾರ ಸಾಗಿಸುತ್ತಿದ್ದವರ ಮಗಳು ರಾಣಿ ರಾಂಪಾಲ್ ಅವರಲ್ಲೊಬ್ಬರು. ಆಕೆಯ ನಾಯಕತ್ವದಲ್ಲಿ ಭಾರತದ ವನಿತೆಯರು 2021ರ ಟೋಕಿಯೊದಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಒಬ್ಬ ಗುರು, ಒಂದು ಮೈದಾನ, ಮಗಳನ್ನು ಕಳುಹಿಸಲು ಒಪ್ಪಿದ ಮನೆಗಳು ಇದ್ದರೆ ಚಿಕ್ಕ ಊರಿನಿಂದಲೂ ಎಷ್ಟಾಗುತ್ತದೆ ಎಂಬುದಕ್ಕೆ ಶಾಹಾಬಾದ್ ನಿದರ್ಶನ.

ಹೆಣ್ಣುಮಕ್ಕಳ ಪೋಷಕರು ವಸತಿಯ ಸುರಕ್ಷತೆ, ಹೊರ ಊರಿನ ಪಂದ್ಯಗಳಿಗೆ ಮಹಿಳಾ ಮೇಲ್ವಿಚಾರಕರು ಜೊತೆಗಿರುತ್ತಾರೆಯೇ ಎಂಬುದನ್ನು ವಿಚಾರಿಸುವುದು ನ್ಯಾಯವೇ ಆಗಿದೆ. ವಿಚಾರಿಸಿ ಸಮಾಧಾನವಾದ ಮೇಲೆ, "ಹೆಣ್ಣು" ಎಂಬ ಒಂದೇ ಕಾರಣಕ್ಕೆ ತಡೆಯುವುದು ನ್ಯಾಯವಲ್ಲ.

ಪದವಿಯೇ ನಿಜವಾದ ಗೋಲು

ಕಾಲೇಜು ಸೇರಿದ ಬಳಿಕ ಮುಂದಿನ ಮೆಟ್ಟಿಲುಗಳು ಇವು: ಅಂತರ ಕಾಲೇಜು ಪಂದ್ಯಗಳು, ಅಲ್ಲಿ ಮಿಂಚಿದವರಿಗೆ ವಿಶ್ವವಿದ್ಯಾಲಯದ ತಂಡ, ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಆಶ್ರಯದಲ್ಲಿ ದಕ್ಷಿಣ ವಲಯ ಪಂದ್ಯಾವಳಿ, ಅಲ್ಲಿ ಮುಂದೆ ಬಂದ ತಂಡಗಳಿಗೆ ಅಖಿಲ ಭಾರತ ಮಟ್ಟ. 2020ರಿಂದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಸೇರಿಕೊಂಡಿದೆ. ಅದರ ಎರಡನೆಯ ಕೂಟ 2022ರಲ್ಲಿ ಬೆಂಗಳೂರಿನಲ್ಲಿಯೇ ನಡೆಯಿತು. ರೈಲ್ವೆ, ಸೇನೆ, ತೈಲ ಕಂಪನಿ, ಬ್ಯಾಂಕುಗಳು ಇಂತಹ ಆಟಗಾರರಲ್ಲಿ ಕೆಲವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದುಂಟು.

ಕೆಲವರನ್ನು ಎಂಬ ಮಾತನ್ನು ಮತ್ತೊಮ್ಮೆ ಓದಬೇಕೆಂದು ವಿನಂತಿಸುತ್ತೇವೆ. ಪ್ರತಿ ಕಾಲೇಜಿನಿಂದ ವರ್ಷಕ್ಕೆ ಆರೇಳು ಆಟಗಾರರು ಪದವಿ ಮುಗಿಸಿ ಹೊರಬರುತ್ತಾರೆ. ರಾಷ್ಟ್ರೀಯ ತಂಡದಲ್ಲಿರುವುದು ಹದಿನೆಂಟೇ ಸ್ಥಾನ. ಉಳಿದವರನ್ನು ಕಾಯುವುದು ಆಟದ ಜೊತೆಗೆ ಪಡೆದ ಪದವಿ, ಕಲಿತ ವಿದ್ಯೆ, ಮೈಗೂಡಿದ ಶಿಸ್ತು. ಎಂ.ಎಂ. ಸೋಮಯ್ಯ ಒಲಿಂಪಿಕ್ ಚಿನ್ನ ಗೆದ್ದವರಾದರೂ ಭಾರತ್ ಪೆಟ್ರೋಲಿಯಂ ಸಂಸ್ಥೆಯ ಉದ್ಯೋಗದಲ್ಲಿ ದೀರ್ಘಕಾಲ ದುಡಿದರು. ಎಂ.ಪಿ. ಗಣೇಶ್ ಆಟ ನಿಲ್ಲಿಸಿದ ಮೇಲೆ ತರಬೇತುದಾರರಾಗಿ, ಕ್ರೀಡಾ ಆಡಳಿತಗಾರರಾಗಿ ಸೇವೆ ಸಲ್ಲಿಸಿದರು. ಆಟದ ಆಯುಷ್ಯ ಹೆಚ್ಚೆಂದರೆ ಹದಿನೈದು ವರ್ಷ. ಬದುಕಿನದು ಅದಕ್ಕಿಂತ ಬಹಳ ದೀರ್ಘ.

ಆದ್ದರಿಂದ ಮಗು ಅಭ್ಯಾಸ ಮುಗಿಸಿ ಬಂದಾಗ ಮನೆಯಿಂದ ಹೋಗುವ ಫೋನಿನಲ್ಲಿ ಎರಡು ಪ್ರಶ್ನೆಗಳಿರಲಿ. ಇವತ್ತಿನ ಆಟ ಹೇಗಾಯಿತು ಎಂಬುದು ಒಂದು. ಇವತ್ತಿನ ಪಾಠ ಏನಾಯಿತು ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳದ ಮನೆ ಮಗುವಿನ ಉತ್ಸಾಹವನ್ನು ಕುಗ್ಗಿಸುತ್ತದೆ. ಎರಡನೆಯದನ್ನು ಮರೆತ ಮನೆ ಅದರ ನಾಳೆಯನ್ನು ಕೈಬಿಡುತ್ತದೆ. ಆಟದ ವರ್ಷ ಮುಗಿದ ಮೇಲೆ ಅಂಕಪಟ್ಟಿಯನ್ನು ತರಿಸಿ ನೋಡಿ. ಉಳಿದ ವಿಷಯವಿದ್ದರೆ ಗದರದೆ, ಮುಂದಿನ ಪರೀಕ್ಷೆಗೆ ಕಟ್ಟಿಸಿ.

ಈ ವರ್ಷವೂ ಜೂನ್ ಜುಲೈ ತಿಂಗಳುಗಳಲ್ಲಿ ಕಾಲೇಜುಗಳು ಆಯ್ಕೆ ನಡೆಸುತ್ತವೆ. ನಿಮ್ಮ ಮನೆಯಲ್ಲಿ ಅಂತಹ ಮಗುವಿದ್ದರೆ ದೈಹಿಕ ಶಿಕ್ಷಣ ಶಿಕ್ಷಕರನ್ನು ಈಗಲೇ ಕಂಡು ಮಾತಾಡಿ, ಪ್ರಮಾಣಪತ್ರಗಳನ್ನು ಒಂದು ಕಡೆ ಸೇರಿಸಿಡಿ, ಆಯ್ಕೆಯ ದಿನ ಮನೆಯ ಹಿರಿಯರೊಬ್ಬರು ಜೊತೆಯಲ್ಲಿ ಹೋಗಿ ಬನ್ನಿ. ಆಯ್ಕೆಯಾದರೆ ಸಂತೋಷ, ಆಗದಿದ್ದರೆ ಮಗು ಒಂಟಿಯಾಗಿ ಬಸ್ಸು ಹತ್ತಿ ಹಿಂತಿರುಗುವಂತಾಗದಿರಲಿ.